ಕೊನೆಯ ಮೆಟ್ಟಿಲ ಹಕ್ಕಿ

"ಕೈ ಹಚ್ಚೂದು ಬ್ಯಾಡ ಅಂದ್ರಿ, ಒಪ್ಪಿದೆ. ಕಣ್ಣಾದ್ರೂ ಹಚ್ಚಲೇನ್ರಿ?"

ಗಿರಿಜಾದೇವಿ ಕಾರ್ಪೆಟ್ಟಿನ ಮೇಲೆ ಬೋರಲು ಮಲಗಿದ್ದಳು. ಕೈಯಲ್ಲಿ ಟಾರ್ಚು. ಮೂಗಿನಿಂದ ಗೇಣು ದೂರದಲ್ಲಿ ಒಂದು ಪ್ಲಾಸ್ಟಿಕ್ ಹುಲಿ. ಅದರಾಚೆ ತಟ್ಟೆಯಲ್ಲಿ ಮೊಳೆತ ಸಾಸಿವೆಯ ಹಸಿರು ಕಾಡು. ಕಾಡಿನ ನಡುವೆ ಒಂದು ಕಡ್ಡಿ, ಕಡ್ಡಿಯ ಮೇಲೆ ಬೆರಳುದ್ದದ ಒಂದು ಹಕ್ಕಿ.

ಆ ಹಕ್ಕಿ ಯಾವುದೆಂದು ನಾಳೆ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹೇಳಬೇಕು. ಹೇಳಲಾಗದಿದ್ದರೆ ಇಂಗ್ಲೆಂಡಿನ ಕ್ವೀನ್ಸ್‌ಬರಿಯ ಈ ಫ್ಲ್ಯಾಟಿಗೆ ಪೊಲೀಸರು ಬರುತ್ತಾರೆ.

"ಕಣ್ಣು ಹಚ್ಚಿ, ಟಾರ್ಚ್ ಹಚ್ಚಿ, ಯಾರು ಬೇಡ ಅಂದರು?" ಎಂದರು ಆ ಮನೆಯ ಸೊಸೆ ಕಾಮಾಕ್ಷಿಯ ಅತ್ತೆ. ಅವರು ಕುರ್ಚಿಯಲ್ಲಿ ಕೂತು ಸಂಜೆಯ ಉಸಲಿಗೆ ನೆನೆಸಿದ ಕಡಲೆಕಾಳಿನಲ್ಲಿ ಕಲ್ಲು ಹುಡುಕುತ್ತಿದ್ದರು. "ಬೆರಳು ಮಾತ್ರ ತಾಗಿಸಬೇಡಿ. ಇಟ್ಟ ಗೊಂಬೆ ನಾಡಿದ್ದು ದಶಮಿ ರಾತ್ರಿ ಪಟ್ಟದ ಗೊಂಬೆಗಳು ಮಲಗೋವರೆಗೂ ಕದಲೋ ಹಾಗಿಲ್ಲ. ನಮ್ಮಲ್ಲಿ ನಾಲ್ಕು ತಲೆಮಾರಿನಿಂದ ಕದಲಿಸಿಲ್ಲ."

"ಇದು ನಾಲ್ಕು ತಲೆಮಾರಿನ ಗೊಂಬಿ ಅಲ್ಲಲ್ರಿ ಅಮ್ಮಾರ."

"ಮೆಟ್ಟಿಲು ಹತ್ತಿದ ಮೇಲೆ ಎಲ್ಲವೂ ಒಂದೇ."

ಮೆಟ್ಟಿಲೆಂದರೆ ಏಳು ಸಾಲು ಸೂಟ್‌ಕೇಸುಗಳು. ಅವುಗಳ ಮೇಲೆ ಬಿಳಿ ಪಂಚೆ ಹೊದಿಸಿತ್ತು. ಯಾವುದೋ ಒಂದು ಸೂಟ್‌ಕೇಸಿನ ಚಕ್ರ ಪಂಚೆಯ ಅಡಿಯಿಂದ ಇಣುಕುತ್ತಿತ್ತು. ಮೇಲುಗಡೆ ರಾಜ ರಾಣಿ, ನಡುವೆ ದಶಾವತಾರ, ಶೆಟ್ಟಿಯ ಅಂಗಡಿ, ಮದುವೆ ದಿಬ್ಬಣ. ಕೆಳಗೆ ಈ ಕಾಡು. ಸುತ್ತ ಸೀರಿಯಲ್ ಲೈಟು, ಕೆಂಪು ಒಮ್ಮೆ, ಹಸಿರು ಒಮ್ಮೆ.

ಗಿರಿಜಾದೇವಿ ವಿಮಾ ಕಂಪನಿಗಳ ಪರವಾಗಿ ನಷ್ಟದ ತನಿಖೆ ಮಾಡುವವಳು. ಊರು ಧಾರವಾಡ, ಮನೆ ರೇನರ್ಸ್ ಲೇನ್, ಆಫೀಸು ಕ್ರೋಯ್ಡನ್. ಹದಿನೇಳು ವರ್ಷದಲ್ಲಿ ಸುಟ್ಟ ಸೋಫಾ ನೋಡಿದ್ದಳು, ನೀರು ನುಗ್ಗಿದ ಅಡುಗೆಮನೆ ನೋಡಿದ್ದಳು, ಮಾಲೀಕನೇ ಕದ್ದ ಕಾರು ನೋಡಿದ್ದಳು. ಹಕ್ಕಿ ಇದೇ ಮೊದಲು. ಅವಳಿಗೆ ಗುಬ್ಬಿ ಗೊತ್ತು, ಕಾಗಿ ಗೊತ್ತು. ಅಲ್ಲಿಗೆ ಮುಗಿಯಿತು.

ಕ್ರೋಯ್ಡನ್‌ನ ಒಂದು ಖಾಸಗಿ ಪಕ್ಷಿ ಸಂಗ್ರಹದ ನೂರಾ ಹದಿನಾಲ್ಕನೇ ಡ್ರಾಯರಿನಿಂದ ಒಂದು ಹಮ್ಮಿಂಗ್‌ಬರ್ಡ್ ಕಾಣೆಯಾಗಿ ಇವತ್ತಿಗೆ ಒಂಬತ್ತು ದಿನ. ಆ ಡ್ರಾಯರಿನ ಕೀಲಿ ಇದ್ದದ್ದು ಮೂವರ ಹತ್ತಿರ. ಒಬ್ಬರು ಸಂಗ್ರಹ ನಡೆಸುವ ಟ್ರಸ್ಟಿನ ಅಧ್ಯಕ್ಷ. ಇನ್ನೊಬ್ಬರು ಮೂವತ್ತೊಂದು ವರ್ಷದಿಂದ ಅಲ್ಲಿ ಹಕ್ಕಿಗಳನ್ನು ಕಾಯುತ್ತಿರುವ ನರಸಿಂಹಮೂರ್ತಿ. ಮೂರನೆಯವಳು, ಹಕ್ಕಿಗಳಿಗೆ ಕಟ್ಟಿದ ಹಳೆಯ ಚೀಟಿಗಳ ಮಾಹಿತಿಯನ್ನು ಕಂಪ್ಯೂಟರಿಗೆ ತುಂಬಿಸುವ ಕಾಮಾಕ್ಷಿ.

ಮತ್ತು ಹಕ್ಕಿ ಸಿಕ್ಕಿದ್ದು ಕಾಮಾಕ್ಷಿಯ ಗೊಂಬೆ ಮೆಟ್ಟಿಲಿನ ಮೇಲೆ.

ಸಿಕ್ಕಿದ್ದು ಎಂದರೆ, ಶುಕ್ರವಾರ ಸಂಜೆ ಗೊಂಬೆ ನೋಡಲು ಬಂದ ನರಸಿಂಹಮೂರ್ತಿಯವರೇ ನೋಡಿ, ಚಕ್ಕುಲಿ ತಿಂದು, ಕುಂಕುಮದ ತಟ್ಟೆಗೆ ನಮಸ್ಕಾರ ಹಾಕಿ, ಮನೆಗೆ ಹೋಗಿ ಅಧ್ಯಕ್ಷರಿಗೆ ಫೋನ್ ಮಾಡಿದ್ದರು.

ಆ ನರಸಿಂಹಮೂರ್ತಿ ಈಗ ಸೋಫಾದ ಮೇಲೆ ಕೂತಿದ್ದರು. ಭಾನುವಾರವೂ ಟೈ. ಕೊರಳಲ್ಲಿ ದಾರಕ್ಕೆ ಕಟ್ಟಿದ ಭೂತಗನ್ನಡಿ. ಕೈಯಲ್ಲಿದ್ದ ಕಪ್ಪು ಸಾಸರಿಗೆ ಬಡಿದು ಒಂದೇ ಸಮನೆ ಕಿಣಿಕಿಣಿ ಎನ್ನುತ್ತಿತ್ತು.

"ಬಾಲ ನೋಡಿಮ್ಮ," ಎಂದರು. "ಬಾಲದ ಬುಡ ನೋಡಿ. ಬಾಲದಲ್ಲೇ ಎಲ್ಲ ಇದೆ."

"ಅದನ್ನ ನೋಡ್ಲಿಕ್ಕೇ ಮಲಗೇನ್ರಿ."

ಅವಳ ಕೋಟಿನ ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಮಲಗಿಕೊಂಡೇ ತೆಗೆದಳು.

"ಮಮ್, ವೇರ್ ಈಸ್ ಮೈ ಪಿ.ಇ. ಕಿಟ್?"

"ನಿನ್ನ ಆಟದ ಅರಿವಿ ವಾಷಿಂಗ್ ಮಷಿನ್ನಿನ್ಯಾಗ ಅದಾವು ನೋಡವ್ವ ಅನ್ವಿತಾ."

"ಇಟ್ಸ್ ವೆಟ್."

"ತೊಳದ ಮ್ಯಾಲ ಹಸೀನ ಇರತೈತಿ. ಒಣಾ ಹಾಕು."

"ಡ್ಯಾಡ್ ಸೇಸ್ ಓನ್ಲಿ ಯು ನೋ ವೇರ್ ದ ಪೆಗ್ಸ್ ಆರ್."

ಗಿರಿಜಾದೇವಿ ಕಣ್ಣು ಮುಚ್ಚಿದಳು. ಪ್ಲಾಸ್ಟಿಕ್ ಹುಲಿ ಅವಳನ್ನೇ ನೋಡುತ್ತಿತ್ತು. "ಅಪ್ಪಗ ಹೇಳು, ಅರಿವಿಗೆ ಹಾಕೂ ಕ್ಲಿಪ್ಪು ಸಿಂಕಿನ ಕೆಳಗ ನೋಡ್ಲಿ. ಎಂಟು ವರ್ಷದಿಂದ ಅಲ್ಲೇ ಅದಾವು." ಫೋನು ಒಳಗಿಟ್ಟಳು. "ಹೇಳ್ರಿ ಮೂರ್ತಿಯವರ. ಮತ್ತೊಮ್ಮೆ ಹೇಳ್ರಿ. ಸಾಲಿ ಹುಡುಗರಿಗೆ ಹೇಳಿದಂಗ ಹೇಳ್ರಿ."

ನರಸಿಂಹಮೂರ್ತಿ ಕಪ್ಪು ಕೆಳಗಿಟ್ಟರು. ಹಕ್ಕಿಯ ಮಾತು ಬಂದರೆ ಅವರ ಮೈಸೂರು ದನಿ ಪಾಠದ ದನಿಯಾಗುತ್ತಿತ್ತು.

"ಹಮ್ಮಿಂಗ್‌ಬರ್ಡ್‌ಗಳಲ್ಲಿ ಹರ್ಮಿಟ್ ಅಂತ ಒಂದು ಗುಂಪು. ದಕ್ಷಿಣ ಅಮೆರಿಕದ ಕಾಡಿನ ನೆರಳಿನಲ್ಲಿ ಇರೋವು. ಹೊಳಪು ಕಡಿಮೆ, ಗಂಡು ಹೆಣ್ಣು ಹೆಚ್ಚುಕಡಿಮೆ ಒಂದೇ ಥರ. ಅದರಲ್ಲಿ ಎರಡು ನಮಗೆ ಬೇಕಾದವು. ಒಂದು ಕೆಂಗಂದು ಎದೆಯ ಹರ್ಮಿಟ್. ಸಾಮಾನ್ಯ. ಹಿಂದಿನ ಕಾಲದ ಇಂಗ್ಲಿಷರು ಗಾಜಿನ ಗುಮ್ಮಟದೊಳಗೆ ತುಂಬಿಸಿ ಡ್ರಾಯಿಂಗ್ ರೂಮಿನಲ್ಲಿ ಇಡ್ತಿದ್ದರಲ್ಲ, ಅಂಥದ್ದು. ಇನ್ನೊಂದು ಕೊಕ್ಕೆಕೊಕ್ಕಿನ ಹರ್ಮಿಟ್. ಬ್ರೆಜಿಲ್ಲಿನ ಕರಾವಳಿ ಕಾಡಿನ ಒಂದೆರಡು ತುಣುಕುಗಳಲ್ಲಿ ಬಿಟ್ಟರೆ ಎಲ್ಲೂ ಇಲ್ಲ. ಹಮ್ಮಿಂಗ್‌ಬರ್ಡ್ ಮುನ್ನೂರಕ್ಕೂ ಹೆಚ್ಚು ಜಾತಿ ಇದೆಯಮ್ಮ. ದೇಶದೇಶಗಳು ಸೇರಿ ಮಾಡಿರೋ ವ್ಯಾಪಾರ ನಿಷೇಧದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನ ದರ್ಜೆ ಇರೋದು ಅದೊಂದಕ್ಕೇ."

"ನಿಮ್ಮ ಡ್ರಾಯರಿನ್ಯಾಗ ಇದ್ದದ್ದು ಅದು."

"ನಮ್ಮ ಡ್ರಾಯರಿನಲ್ಲಿ ಇದ್ದದ್ದು ಅದು. ಒಂದೇ ಒಂದು."

"ಎರಡಕ್ಕೂ ಫರಕು?"

"ಕೆಂಗಂದು ಎದೆಯದಕ್ಕೆ ಕೊಕ್ಕು ಬಿಲ್ಲಿನ ಹಾಗೆ ಬಾಗಿರುತ್ತೆ, ಬಾಲದ ಬುಡ ಇಟ್ಟಿಗೆ ಬಣ್ಣ, ಆಮೇಲೆ ಒಂದು ಕಪ್ಪು ಪಟ್ಟಿ, ತುದಿ ಬಿಳಿ. ಕೊಕ್ಕೆಕೊಕ್ಕಿನದಕ್ಕೆ ಬಾಲ ಬುಡದಿಂದಲೂ ಕಂಚಿನ ಬಣ್ಣ. ಕೊಕ್ಕು ನೆಟ್ಟಗೆ."

ಗಿರಿಜಾದೇವಿ ತಲೆ ಎತ್ತಿದಳು. "ಹೆಸರು ಕೊಕ್ಕೆಕೊಕ್ಕು. ಕೊಕ್ಕು ನೆಟ್ಟಗ?"

"ತುದಿಯಲ್ಲಿ ಒಂಚೂರು ಕೊಕ್ಕೆ ಇರುತ್ತೆ."

"ಒಂಚೂರು."

"ಹೆಸರಿಟ್ಟವನು ನಾನಲ್ಲಮ್ಮ."

ಅಡುಗೆಮನೆಯ ಬಾಗಿಲಲ್ಲಿ ಕಾಮಾಕ್ಷಿ ನಿಂತಿದ್ದಳು. ಬೆಂಗಳೂರಿನ ಹುಡುಗಿ, ಇಪ್ಪತ್ತೆಂಟು ವರ್ಷ. ಗಂಡ ವರುಣ್ ಭಾನುವಾರವೂ ಆಫೀಸಿನಲ್ಲಿದ್ದ. ಎರಡು ಸಾವಿರದ ಇಸವಿ ಹುಟ್ಟುವ ರಾತ್ರಿ ಕಂಪ್ಯೂಟರುಗಳು ತಾರೀಕು ಮರೆಯದ ಹಾಗೆ ನೋಡಿಕೊಳ್ಳುವುದು ಅವನ ಕೆಲಸ. ಆ ಕೆಲಸ ಇರುವವರೆಗೆ ವೀಸಾ. ಮನೆಯಲ್ಲಿ ಒಬ್ಬರ ಮೇಲೆ ಕಳ್ಳತನದ ಕೇಸು ಬಿದ್ದರೆ ಏನಾಗುತ್ತದೆಂದು ಕಾಮಾಕ್ಷಿ ಯಾರನ್ನೂ ಕೇಳಿರಲಿಲ್ಲ. ಕೇಳದೆಯೇ ಎರಡು ದಿನದಿಂದ ಊಟ ಬಿಟ್ಟಿದ್ದಳು.

ಅವಳು ಹೇಳುವುದು ಒಂದೇ ಮಾತು. ಎರಡು ಭಾನುವಾರದ ಹಿಂದೆ, ಜನ ಕಾರಿನ ಡಿಕ್ಕಿ ತೆರೆದು ಹಳೆಯ ಸಾಮಾನು ಮಾರುವ ಮೈದಾನದಲ್ಲಿ, ಒಡೆದ ಗಾಜಿನ ಗುಮ್ಮಟದ ಜೊತೆ ಈ ಹಕ್ಕಿ ಸಿಕ್ಕಿತು. ಕಾಡಿಗೆ ಚೆನ್ನಾಗಿರುತ್ತೆ ಅಂತ ತಂದೆ. ಮಾರಿದವನ ಹೆಸರು ಗೊತ್ತಿಲ್ಲ. ರಸೀದಿ ಇಲ್ಲ.

ಗಿರಿಜಾದೇವಿ ಅದನ್ನು ನಂಬಿದ್ದಳು. ನಂಬಿ, ಅಧ್ಯಕ್ಷರಿಗೆ ಫೋನಿನಲ್ಲಿ "ಈ ಹುಡುಗಿ ಕಳ್ಳಿ ಅಲ್ಲ" ಎಂದೂ ಹೇಳಿಬಿಟ್ಟಿದ್ದಳು. ಅವರು ಒಂದೇ ಪ್ರಶ್ನೆ ಕೇಳಿದ್ದರು. ಅದು ಯಾವ ಹಕ್ಕಿ? ನಮ್ಮದಲ್ಲದಿದ್ದರೆ ನಾನು ಕ್ಷಮೆ ಕೇಳುತ್ತೇನೆ, ನಮ್ಮದಾದರೆ ಪೊಲೀಸ್.

ಅವಳು ಟಾರ್ಚನ್ನು ಬಾಲದ ಅಡಿಗೆ ತಿರುಗಿಸಿದಳು.

ಕಂಚು. ಬುಡದಿಂದ ತುದಿಯವರೆಗೆ ಕಂಚು.

ಸ್ವಲ್ಪ ಹೊತ್ತು ಹಾಗೇ ನೋಡಿದಳು. ಬೆಳಕನ್ನು ಆಚೀಚೆ ಮಾಡಿದಳು. ಆಮೇಲೆ ಟಾರ್ಚನ್ನು ಬಾಲ ಬಿಟ್ಟು ನೇರ ಮೇಲಕ್ಕೆ ಎತ್ತಿದಳು, ಏಳನೆಯ ಮೆಟ್ಟಿಲಿನ ರಾಜನ ಕಿರೀಟಕ್ಕೆ. ಅಲ್ಲಿಂದ ರಟ್ಟಿನ ಅರಮನೆಯ ಗೋಪುರಕ್ಕೆ. ಅಲ್ಲಿಂದ ಮತ್ತೆ ಬಾಲಕ್ಕೆ.

"ಕಾಮಾಕ್ಷಿ, ರಾಜನ ಕಿರೀಟಕ್ಕ ಬಣ್ಣ ಯಾವಾಗ ಹಚ್ಚೀದಿ?"

"ಹಬ್ಬಕ್ಕೆ ಮುಂಚೆ. ಹಳೇ ಗೊಂಬೆಗೆಲ್ಲ ಹಚ್ತೀವಲ್ಲ ಮೇಡಂ."

"ಯಾವ ಬಣ್ಣ?"

"ಕ್ರಾಫ್ಟ್ ಅಂಗಡೀದು. ಸಣ್ಣ ಬಾಟಲಿ. ಗೋಲ್ಡ್ ಇರಲಿಲ್ಲ, ಬ್ರಾಂಜ್ ಕೊಟ್ಟರು."

"ಹಕ್ಕಿಗೂ ಅದನ್ನ ಹಚ್ಚೀದಿ."

ಅತ್ತೆಯ ಕೈ ಕಡಲೆಯಲ್ಲಿ ನಿಂತಿತು.

"ಬಾಲಕ್ಕ ಗರಿ ಗರಿ ನಡುವ ಬಣ್ಣ ಹೆಪ್ಪುಗಟ್ಟೇತಿ. ಮತ್ತ ಆ ಕಣ್ಣು." ಗಿರಿಜಾದೇವಿ ಮೊಣಕೈ ಊರಿ ಎದ್ದಳು. "ಕಣ್ಣಿನ ನಡುವ ತೂತು ಐತಿ. ಅದು ಕರಿಮಣಿ. ನನ್ನ ಕೊರಳಾಗೂ ಅವ ಅದಾವು, ನನಗ ಗೊತ್ತಾಗಂಗಿಲ್ಲೇನ?"

"ಕಣ್ಣು ಬಿದ್ದುಹೋಗಿತ್ತು," ಎಂದಳು ಕಾಮಾಕ್ಷಿ ಸಣ್ಣ ದನಿಯಲ್ಲಿ. "ಕುರುಡು ಗೊಂಬೆ ಇಡಬಾರದು ಅಂತಾರೆ. ಬಾಲ ಮಾಸಿತ್ತು, ಅದಕ್ಕೇ ಹಚ್ಚಿದೆ."

"ಎರಡು ದಿನದಿಂದ ನಾ ಕೇಳಾಕತ್ತೇನಿ. ಒಂದು ಮಾತು ಹೇಳಾಕ ಏನಾಗಿತ್ತು ನಿನಗ?"

"ನೀವು ಬಣ್ಣದ ವಿಷಯ ಕೇಳಲಿಲ್ಲ."

ಇಂಥ ಉತ್ತರವನ್ನು ಗಿರಿಜಾದೇವಿ ದಿನಕ್ಕೆ ಹತ್ತು ಬಾರಿ ಮನೆಯಲ್ಲೇ ಕೇಳುತ್ತಿದ್ದಳು. ಅದಕ್ಕಾಗಿ ಕ್ವೀನ್ಸ್‌ಬರಿಗೆ ಬರಬೇಕಿರಲಿಲ್ಲ. ಅವಳು ಕೋಟು ಝಾಡಿಸಿಕೊಂಡು ಸೋಫಾದ ಕಡೆ ತಿರುಗಿದಳು.

"ಮೂರ್ತಿಯವರ. ಶುಕ್ರವಾರ ನೀವು ಈ ಹಕ್ಕಿನ ಎಲ್ಲಿ ಕುಂತು ನೋಡಿದ್ರಿ?"

"ಇಲ್ಲೇ. ಸೋಫಾದಲ್ಲಿ."

"ಅಲ್ಲಿಂದ ಎಂಟು ಫೂಟು. ಹತ್ರ ಹೋದ್ರಿ?"

"ಹೆಂಗಸರೆಲ್ಲ ಆರತಿಗೆ ನಿಂತಿದ್ದರು. ನಡುವೆ ನುಗ್ಗೋದು ಹೇಗೆ?"

"ಓದೂ ಚಷ್ಮಾ ಹಾಕಿದ್ರಿ?"

"ಓದೋದಕ್ಕೆ ಹಾಕೋದು ಅದು."

"ಕೆಂಪು ಹಸಿರು ಲೈಟು ಝಗಝಗ ಅಂತಿದ್ವು. ಆ ಬೆಳಕಿನ್ಯಾಗ ನಾ ಉಟ್ಟ ಸೀರಿ ಯಾವ ಬಣ್ಣ ಅಂತ ಹೇಳಾಕ ಬರಂಗಿಲ್ಲ. ನೀವು ಬಾಲದ ಬುಡ ಕಂಚು ಅಂತ ಹೇಳಿಬಿಟ್ರಿ."

"ಮೂವತ್ತೊಂದು ವರ್ಷ..."

"ಮೂವತ್ತೊಂದು ವರ್ಷ ಹಕ್ಕಿ ನೋಡೀರಿ. ಒಪ್ಪಿದೆ. ಅರಮನಿಗೆ ಹಚ್ಚೂ ಬಣ್ಣ ನೋಡಿಲ್ಲ. ಆ ಫೋನಿನ್ಯಾಗ ಈ ಹುಡುಗಿನ ಜೇಲಿಗೆ ಹಾಕಿದ್ರಿ ನೀವು. ಎದಕ್ಕ? ಕ್ರಾಫ್ಟ್ ಅಂಗಡಿ ಬಾಟಲಿ ನೋಡಿ."

ನರಸಿಂಹಮೂರ್ತಿಯವರ ಕಿವಿ ಕೆಂಪಾಯಿತು. ಟೈ ಸರಿಮಾಡಿಕೊಂಡರು. ಅದು ಸರಿಯಾಗಿಯೇ ಇತ್ತು.

"ನಾನು ಸುಳ್ಳು ಹೇಳಿಲ್ಲ. ನನಗೆ ಕಂಡದ್ದು ಹೇಳಿದೆ."

"ಕಂಡದ್ದನ್ನ ಆಕಿಗೆ ಮೊದಲ ಹೇಳಬಹುದಿತ್ತು. ನಿಮ್ಮ ಕೈಕೆಳಗ ಕೆಲಸಾ ಮಾಡೂ ಹುಡುಗಿ. ಆಕಿ ಮನ್ಯಾಗ ಚಕ್ಕುಲಿ ತಿಂದು ಹೋದ್ರಿ."

"ಹೇಳಿದ್ದರೆ?" ಈಗ ಅವರ ದನಿಯೂ ಏರಿತು. "ಹೇಳಿದ್ದರೆ ಬೆಳಗಾಗೋದರೊಳಗೆ ಹಕ್ಕಿ ಇರ್ತಿರಲಿಲ್ಲ ಅಂತ ಯಾರಿಗೆ ಗೊತ್ತು? ಕಳ್ಳತನ ಆದ ಜಾಗದಲ್ಲಿ ಕೀಲಿ ಇದ್ದವರು ಮೂವರು. ನಾನು ಅಲ್ಲ. ಅಧ್ಯಕ್ಷರು ತಿಂಗಳಿಗೊಮ್ಮೆ ಬರೋರು. ಉಳಿದವರು ಯಾರು, ನೀವೇ ಹೇಳಿ. ನನಗೇನು ಸಂತೋಷವಾ? ಆ ಮಗು ಬಂದ ಮೇಲೆ ನನ್ನ ಚೀಟಿಗಳಿಗೆ ಒಂದು ಗತಿ ಆಯಿತು. ನಾನು ಬರೆದ ಅಕ್ಷರ ಓದೋಕೆ ಬರೋದು ಅವಳಿಗೊಬ್ಬಳಿಗೇ."

ಕಾಮಾಕ್ಷಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

"ಬಾಲ ಬಿಡಿ," ಎಂದರು ನರಸಿಂಹಮೂರ್ತಿ ತುಸು ತಗ್ಗಿ. "ಬಾಲಕ್ಕೆ ಬಣ್ಣ ಹಚ್ಚಬಹುದು. ಕೊಕ್ಕಿಗೆ ಹಚ್ಚೋಕಾಗಲ್ಲ. ಕೊಕ್ಕು ನೋಡಿ. ಬಾಗಿದ್ದರೆ ನಾನೇ ಅಧ್ಯಕ್ಷರಿಗೆ ಫೋನ್ ಮಾಡ್ತೀನಿ. ಈಗಲೇ. ಇದೇ ಮನೆಯಿಂದ."

ಕೊಕ್ಕು ಕಾಣುತ್ತಿರಲಿಲ್ಲ. ಅದು ಒಂದು ಕೆಂಪು ಪ್ಲಾಸ್ಟಿಕ್ ಹೂವಿನೊಳಗೆ ಕಣ್ಣಿನವರೆಗೂ ಹುದುಗಿತ್ತು, ಮಕರಂದ ಹೀರುವ ಹಾಗೆ. ಟಾರ್ಚು ಬಿಟ್ಟರೆ ಹೂವು ಕೆಂಪಗೆ ಹೊಳೆಯುತ್ತಿತ್ತು ಅಷ್ಟೆ.

"ಹೂವಿನ್ಯಾಗಿಂದ ತಗೀಬೇಕು," ಎಂದಳು ಗಿರಿಜಾದೇವಿ.

"ನಾಡಿದ್ದು ರಾತ್ರಿ," ಎಂದರು ಅತ್ತೆ.

"ಅಮ್ಮಾರ, ನಾಳೆ ಹತ್ತಕ್ಕ ಪೊಲೀಸರು ಬರತಾರ."

"ಬರಲಿ. ಅವರಿಗೂ ಕೋಸಂಬರಿ ಕೊಟ್ಟು ನಾಡಿದ್ದು ಬನ್ನಿ ಅಂತೀನಿ. ಮುಟ್ಟಬಾರದು ಅಂದರೆ ಮುಟ್ಟಬಾರದು. ಕಾಮಾಕ್ಷಿ, ನೀನಾದರೂ ಹೇಳೇ."

ಕಾಮಾಕ್ಷಿ ಹೇಳಿದಳು. ಅದೇ ಗಿರಿಜಾದೇವಿಗೆ ವಿಚಿತ್ರವೆನಿಸಿದ್ದು. ತನ್ನನ್ನು ಉಳಿಸಬಹುದಾದ ಒಂದೇ ಒಂದು ಕೊಕ್ಕು ಅಲ್ಲಿದೆ. ಆ ಹುಡುಗಿ "ಅತ್ತೆ ಹೇಳೋದು ಸರಿ ಮೇಡಂ, ಮುಟ್ಟೋದು ಬೇಡ" ಎಂದಳು.

ಗಡಿಯಾರ ನಾಲ್ಕು ತೋರಿಸುತ್ತಿತ್ತು. ಆರಕ್ಕೆ ಕಟ್ಟಡದ ಹೆಂಗಸರೆಲ್ಲ ಆರತಿಗೆ ಬರುತ್ತಾರೆ. ಗಿರಿಜಾದೇವಿಗೆ ರೇನರ್ಸ್ ಲೇನಿನ ಮನೆಯಲ್ಲಿ ಒಣಗದ ಪಿ.ಇ. ಕಿಟ್ಟು, ಮಾಡದ ಅಡುಗೆ, ಬರೆಯದ ವರದಿ ಎಲ್ಲ ಒಟ್ಟಿಗೆ ಕಣ್ಣಮುಂದೆ ಬಂತು. ಅವಳ ತಾಳ್ಮೆ ಕಡಲೆಕಾಳಿನಷ್ಟೂ ಉಳಿದಿರಲಿಲ್ಲ.

"ಅಮ್ಮಾರ," ಎಂದಳು. "ನಿಮ್ಮ ಸೊಸಿ ನಿಮಗ ಒಂದು ಮಾತು ಹೇಳಿಲ್ಲ. ನನಗೂ ಹೇಳೂ ಮನಸ್ಸಿರಲಿಲ್ಲ. ಅದು ಗೊಂಬಿ ಅಲ್ಲ."

"ಮತ್ತೇನು?"

"ಖರೇ ಹಕ್ಕಿ. ಸತ್ತದ್ದು. ಒಳಗಿಂದು ತಗದು ಹತ್ತಿ ತುಂಬ್ಯಾರ."

ಅತ್ತೆ ಮೊದಲು ಸೊಸೆಯನ್ನು ನೋಡಿದರು, ಆಮೇಲೆ ಹಕ್ಕಿಯನ್ನು, ಆಮೇಲೆ ತಮ್ಮ ಮಡಿಲಿನ ಕಡಲೆಯ ಬೋಗುಣಿಯನ್ನು. ಬೋಗುಣಿಯನ್ನು ನಿಧಾನಕ್ಕೆ ಕೆಳಗಿಟ್ಟರು.

"ಹೆಣ ಮುಂದಿಟ್ಟುಕೊಂಡು ಎಂಟು ದಿನ ಆರತಿ ಎತ್ತಿದೆನಾ ನಾನು?"

"ಅತ್ತೆ, ಅದು ನೂರು ವರ್ಷದ ಹಿಂದಿನದು..."

"ನೂರು ವರ್ಷದ ಹಿಂದಿನ ಹೆಣ." ಅವರು ಎದ್ದರು. "ಅದನ್ನ ತೆಗೀರಿ. ಈಗಲೇ. ನಾನು ತಲೆಗೆ ನೀರು ಹಾಕಿಕೊಂಡು ಬರ್ತೀನಿ. ಆರು ಗಂಟೆಗೆ ಬರೋರಿಗೆ ಏನು ಹೇಳ್ತೀಯೋ ನೀನೇ ಯೋಚನೆ ಮಾಡು." ಬಚ್ಚಲುಮನೆಯ ಬಾಗಿಲು ಹಾಕಿಕೊಂಡಿತು. ಒಳಗಿನಿಂದ ಮತ್ತೊಂದು ಮಾತು ಬಂತು: "ಆ ಹುಲಿಯಾದರೂ ಪ್ಲಾಸ್ಟಿಕ್ಕೇ ತಾನೆ?"

ಗಿರಿಜಾದೇವಿ ಹಳೆಯ ಪತ್ರಿಕೆಯ ಹಾಳೆ ಹಾಸಿ, ಹೂವು ಸಮೇತ ಕಡ್ಡಿಯನ್ನು ಎತ್ತಿ ಊಟದ ಮೇಜಿಗೆ ತಂದಳು. ನರಸಿಂಹಮೂರ್ತಿ ಕನ್ನಡಕ ಬದಲಾಯಿಸಿ ಬಂದು ಕೂತರು. ಹೂವಿನ ಎಸಳನ್ನು ಅವಳೇ ಒಂದೊಂದಾಗಿ ಕಿತ್ತಳು, ಅವರು ಹೇಳಿದ ಹಾಗೆ, ಕೊಕ್ಕಿಗೆ ತಾಗದ ಹಾಗೆ.

ಕೊಕ್ಕು ಹೊರಬಂತು.

ನೆಟ್ಟಗಿತ್ತು. ತುದಿಯಲ್ಲಿ, ಒಂಚೂರು, ಕೊಕ್ಕೆ.

ನರಸಿಂಹಮೂರ್ತಿ ಗೆದ್ದವರ ಹಾಗೆ ಕಾಣಲಿಲ್ಲ. ಕಣ್ಣು ಒರೆಸಿಕೊಂಡು, "ಕೊಕ್ಕೆಕೊಕ್ಕಿನದೇ," ಎಂದರು. "ಕ್ಷಮಿಸಮ್ಮ ಕಾಮಾಕ್ಷಿ. ಅದೇ."

"ತಡೀರಿ," ಎಂದಳು ಗಿರಿಜಾದೇವಿ. "ಬಾಲ ಉಳದೈತಿ. ಕಾಮಾಕ್ಷಿ, ಉಗುರುಬಣ್ಣ ತಗಿಯೂ ನೀರು ಐತಿ? ಮತ್ತ ಕಿವಿಗೆ ಹಾಕೂ ಹತ್ತಿಕಡ್ಡಿ."

"ಬೇಡ ಮೇಡಂ."

"ತಗೊಂಬಾ ಅಂದೆ."

ತಂದಳು. ಗಿರಿಜಾದೇವಿ ಹತ್ತಿಕಡ್ಡಿಯನ್ನು ಅದ್ದಿ, ಒಂದೇ ಒಂದು ಗರಿಯನ್ನು ಬುಡದಿಂದ ತುದಿಗೆ ಮೆಲ್ಲಗೆ ಒರೆಸಿದಳು. ಹತ್ತಿ ಕಂಚಾಯಿತು. ಇನ್ನೊಂದು ಕಡ್ಡಿ. ಮತ್ತೊಂದು. ಅಡಿಯಿಂದ ಬಣ್ಣ ಮೇಲೆದ್ದಿತು.

ಇಟ್ಟಿಗೆ ಬಣ್ಣ. ಆಮೇಲೆ ಒಂದು ಕಪ್ಪು ಪಟ್ಟಿ. ಆಮೇಲೆ ಬಿಳಿ.

"ಇದು ಯಾವ ಹಕ್ಕಿರಿ ಈಗ?"

ನರಸಿಂಹಮೂರ್ತಿ ಬಾಲ ನೋಡಿದರು. ಕೊಕ್ಕು ನೋಡಿದರು. ಮತ್ತೆ ಬಾಲ.

"ಇಂಥ ಹಕ್ಕಿ ಇಲ್ಲ," ಎಂದರು.

"ಮೇಜಿನ ಮ್ಯಾಲ ಐತಲ್ರಿ."

"ಇಲ್ಲಮ್ಮ. ಬಾಲ ಸಾಮಾನ್ಯದ್ದು, ಕೊಕ್ಕು ಅಪರೂಪದ್ದು. ಭೂಮಿಯ ಮೇಲೆ ಇಂಥ ಹಕ್ಕಿ ಇಲ್ಲ." ಅವರು ಭೂತಗನ್ನಡಿ ಹಿಡಿದರು. ಅದು ನಡುಗುತ್ತಿತ್ತು. ಗಿರಿಜಾದೇವಿ ಅವರ ಮಣಿಕಟ್ಟನ್ನು ಹಿಡಿದು ಮೇಜಿಗೆ ಊರಿಸಿದಳು. "ಆ ಕರಿಮಣಿ ತೆಗೀರಿ. ಸೂಜಿಯಿಂದ. ಹೌದು, ಹಾಗೆ."

ಮಣಿ ಕಳಚಿತು. ಅದರ ಹಿಂದೆ ಬೆಳ್ಳಗೆ ಒಂದು ಚಿಟಿಕೆ ಹತ್ತಿ ಕಂಡಿತು.

"ಗುಮ್ಮಟದ ಹಕ್ಕಿಗೆ ಗಾಜಿನ ಕಣ್ಣು ಇಡ್ತಾರೆ," ಎಂದರು ನರಸಿಂಹಮೂರ್ತಿ. ಅವರ ದನಿ ಪಾಠದ ದನಿಯಾಗಿರಲಿಲ್ಲ. "ಡ್ರಾಯರಿನ ಹಕ್ಕಿಗೆ ಯಾರೂ ಕಣ್ಣು ಇಡೋದಿಲ್ಲ. ಹತ್ತಿ ತುಂಬಿ ಬಿಡ್ತಾರೆ. ಈ ತಲೆ ನಮ್ಮದು. ಮೈ ನಮ್ಮದಲ್ಲ. ಕತ್ತಿನ ಗರಿ ಮೇಲೆತ್ತಿ."

ಗರಿಯ ಅಡಿಯಲ್ಲಿ ಹೊಲಿಗೆಯಿತ್ತು. ಕೂದಲಿಗಿಂತ ತೆಳುವಾದ ದಾರ, ಸುತ್ತಲೂ ಹತ್ತೋ ಹನ್ನೆರಡೋ ಹೆಣಿಗೆ, ಕೊನೆಯಲ್ಲಿ ಒಂದು ಪುಟ್ಟ ಗಂಟು. ಇಷ್ಟು ಅಚ್ಚುಕಟ್ಟಾದ ಹೊಲಿಗೆಯನ್ನು ಗಿರಿಜಾದೇವಿ ತನ್ನ ಅಜ್ಜಿಯ ಕೌದಿಯಲ್ಲೂ ನೋಡಿರಲಿಲ್ಲ.

ಅವಳಿಗೆ ಸಿಟ್ಟು ಬಂತು. ಎರಡು ದಿನ ಓಡಾಡಿ, ಕಾರ್ಪೆಟ್ಟಿನಲ್ಲಿ ಹೊರಳಾಡಿ, ಒಬ್ಬ ಮುದುಕಿಯ ಹಬ್ಬ ಕೆಡಿಸಿ ಸಿಕ್ಕ ಉತ್ತರ ಇದು. ಯಾವ ಹಕ್ಕಿ? ಎರಡೂ. ನಾಳೆ ವರದಿಯಲ್ಲಿ ಏನು ಬರೆಯುವುದು? ತಲೆಯ ಮಟ್ಟಿಗೆ ಕಳ್ಳಿ, ಮೈಯ ಮಟ್ಟಿಗೆ ಅಲ್ಲ?

ನರಸಿಂಹಮೂರ್ತಿ ಆ ಗಂಟಿನಿಂದ ಕಣ್ಣು ತೆಗೆದಿರಲಿಲ್ಲ.

"ಈ ಗಂಟು ನನ್ನದು," ಎಂದರು.

"ಏನಂದ್ರಿ?"

"ನಾನು ಎಡಚ. ಹಕ್ಕಿ ಹೊಲಿಯೋರೆಲ್ಲ ಬಲಕ್ಕೆ ಸುತ್ತಿ ಗಂಟು ಹಾಕ್ತಾರೆ. ನಾನು ಎಡಕ್ಕೆ, ಎರಡು ಸುತ್ತು. ಇದು ನನ್ನ ಗಂಟು." ಅವರು ತಮ್ಮ ಎರಡೂ ಕೈಗಳನ್ನು ಮೇಜಿನ ಮೇಲಿಟ್ಟರು. ಅವು ಪತ್ರಿಕೆಯ ಹಾಳೆಯನ್ನು ಸರಸರ ಎನ್ನಿಸಿದವು. "ಆದರೆ ಮೂರು ವರ್ಷದಿಂದ ಈ ಕೈ ಸೂಜಿಗೆ ದಾರ ಪೋಣಿಸಿಲ್ಲಮ್ಮ. ಆಗೋದಿಲ್ಲ."

"ಮತ್ತ ಯಾರಿಗೆ ಕಲಿಸೀರಿ ಇದನ್ನ?"

ಗಿರಿಜಾದೇವಿ ಅವರ ದೃಷ್ಟಿ ಹೋದ ಕಡೆಗೆ ತಿರುಗಿದಳು.

ಕಾಮಾಕ್ಷಿ ಅಳುತ್ತಿರಲಿಲ್ಲ. ಎರಡು ದಿನದಲ್ಲಿ ಮೊದಲ ಸಲ ನೆಟ್ಟಗೆ ನಿಂತಿದ್ದಳು.

"ಹೊಲಿದದ್ದು ನಾನೇ," ಎಂದಳು. "ಮೈದಾನದಿಂದ ತಂದ ಹಕ್ಕಿಗೆ ತಲೆ ಇರಲಿಲ್ಲ. ಕೈ ಪಳಗಲಿ ಅಂತ ತಂದಿದ್ದೆ. ಬಾಲಕ್ಕೆ ಕಂಚು ಹಚ್ಚಿದ್ದೂ ಬೇಕಂತಲೇ. ಡ್ರಾಯರಿಗೆ ಒಂದು ಇಡೀ ಹಕ್ಕಿ ವಾಪಸ್ ಹೋದರೆ ಯಾರಿಗೂ ಏನೂ ಆಗೋದಿಲ್ಲ ಅಂದುಕೊಂಡೆ. ಅಷ್ಟರಲ್ಲಿ ಅಧ್ಯಕ್ಷರು ಬೀಗ ಬದಲಾಯಿಸಿದರು. ಮನೆಯಲ್ಲಿ ಎಲ್ಲಿ ಇಟ್ಟರೂ ಅತ್ತೆ ಕೈ ಹಾಕ್ತಾರೆ. ಯಾರೂ ಕೈ ಹಾಕದೇ ಇರೋ ಜಾಗ ಇದೊಂದೇ."

"ಮುಟ್ಟಬಾರದ ಜಾಗಾ ಹುಡುಕಿದಿ," ಎಂದಳು ಗಿರಿಜಾದೇವಿ. "ಅದು ಊರ ಮಂದಿನ್ನ ಕರದು ನೋಡ್ರಿ ಅನ್ನೂ ಜಾಗಾ ಅಂತ ಹೊಳೀಲಿಲ್ಲ ನಿನಗ."

"ಸರ್‌ನ ನಾನು ಕರೆದಿರಲಿಲ್ಲ. ವರುಣ್ ಕರೆದುಬಿಟ್ಟರು."

"ಕದ್ದದ್ದು?"

"ಕದ್ದಿಲ್ಲ. ಕತ್ತರಿಸಿಯೂ ಇಲ್ಲ. ತಲೆ ನನಗೆ ಪೋಸ್ಟಿನಲ್ಲಿ ಬಂತು ಮೇಡಂ. ಹಬ್ಬದ ಹಿಂದಿನ ದಿನ. ಹತ್ತಿಯಲ್ಲಿ ಸುತ್ತಿತ್ತು. ಬರೀ ತಲೆ."

"ಇಷ್ಟು ದಿನ ಬಾಯಿ ಯಾಕ ಬಿಡಲಿಲ್ಲ?"

ಕಾಮಾಕ್ಷಿ ದೇವರ ಗೂಡಿನ ಹತ್ತಿರ ಹೋದಳು. ಪಂಚಾಂಗದ ಪುಟಗಳ ನಡುವಿನಿಂದ, ತಲೆ ಬಂದಿದ್ದ ಕಂದು ಲಕೋಟೆ ತೆಗೆದಳು. ಗಿರಿಜಾದೇವಿ ಕೈ ಚಾಚಿದಳು. ಕಾಮಾಕ್ಷಿ ಅವಳಿಗೆ ಕೊಡದೆ, ಮೇಜಿನ ಇನ್ನೊಂದು ತುದಿಗೆ ಹೋಗಿ, ಅದನ್ನು ನರಸಿಂಹಮೂರ್ತಿಯವರ ಮುಂದಿಟ್ಟಳು.

"ನಾನು ಓದಬಲ್ಲ ಅಕ್ಷರ, ಸರ್. ನಿಮ್ಮ ಕೈಯಲ್ಲಿ ಮುರಿದದ್ದನ್ನ ಹೊಲಿಯಲಿ ಅಂತ ಕಳಿಸಿದ್ದೀರಿ ಅಂದುಕೊಂಡು ಬಾಯಿ ಬಿಡಲಿಲ್ಲ."

ಅವರು ಲಕೋಟೆಯನ್ನು ಮುಟ್ಟಲಿಲ್ಲ. ಬಗ್ಗಿ ನೋಡಿದರು. ಬಚ್ಚಲುಮನೆಯಲ್ಲಿ ನೀರು ಸುರಿಯುವ ಸದ್ದು ನಿಂತಿತು.

"ಹೌದು," ಎಂದರು ನರಸಿಂಹಮೂರ್ತಿ. "ಇದು ನನ್ನ ಅಕ್ಷರ."